ಕಪ್ಪುಕುಳಿಗೆ ಸ್ಕೇಲಾರ್ ಕ್ಷೇತ್ರ ಅಂಟಿಕೊಳ್ಳುವುದು ಹೇಗೆ? ಪೆನ್ನು ಹಿಡಿದು ಹಂತ ಹಂತವಾಗಿ ನೋಡೋಣ

ಕಪ್ಪುಕುಳಿಗಳ ಬಗ್ಗೆ ಏನೇ ಬರೆದರೂ ಓದುಗರಿಂದ ಒಂದು ಪ್ರಶ್ನೆ ತಪ್ಪದೇ ಬರುತ್ತದೆ. "ಕಪ್ಪುಕುಳಿಗೆ ಕೂದಲಿಲ್ಲ ಅಂತ ಒಂದು ಕಡೆ ಓದುತ್ತೇವೆ. ಸ್ಕೇಲಾರ್ ಕೂದಲಿರುವ ಕಪ್ಪುಕುಳಿ ಅಂತ ಇನ್ನೊಂದು ಕಡೆ ಓದುತ್ತೇವೆ. ಯಾವುದನ್ನು ನಂಬುವುದು?"

ಎರಡನ್ನೂ ನಂಬಬಹುದು. ಮೊದಲನೆಯದು ಕೆಲವು ಷರತ್ತುಗಳ ಮೇಲೆ ನಿಂತಿರುವ ಪ್ರಮೇಯ. ಆ ಷರತ್ತುಗಳಲ್ಲಿ ಒಂದು ಸಡಿಲವಾದರೆ ಎರಡನೆಯದಕ್ಕೆ ದಾರಿ ತೆರೆಯುತ್ತದೆ. ಎಲ್ಲಿ ಸಡಿಲವಾಯಿತು ಅಂತ ಗುರುತಿಸಲು ಕಲಿತರೆ ಮುಕ್ಕಾಲು ಗೊಂದಲ ಅಲ್ಲೇ ಕಳೆಯುತ್ತದೆ. ಯಾವುದಾದರೂ ಮಾರ್ಪಡಿಸಿದ ಗುರುತ್ವ ಸಿದ್ಧಾಂತ ಎದುರಾದಾಗ ನೀವೇ ಅದನ್ನು ಪರೀಕ್ಷಿಸುವಂತಾಗಲಿ ಅನ್ನುವುದು ಈ ಬರಹದ ಉದ್ದೇಶ.

ಶುರು ಮಾಡುವ ಮೊದಲು

ಒಂದು ಪೆನ್ನು, ಒಂದೆರಡು ಹಾಳೆ, ಪದವಿ ಮೊದಲ ವರ್ಷದ ಅವಕಲನ ಮತ್ತು ಅನುಕಲನ. ಇಷ್ಟಿದ್ದರೆ ಸಾಕು. ಟೆನ್ಸರ್ ಗಣಿತ ಬರದಿದ್ದರೂ ನಡೆಯುತ್ತದೆ.

ಕೆಲವು ಪದಗಳು ಮಾತ್ರ ಗೊತ್ತಿರಲಿ. ಸ್ಕೇಲಾರ್ ಕ್ಷೇತ್ರ ಅಂದರೆ ಜಾಗದ ಪ್ರತಿ ಬಿಂದುವಿಗೂ ಒಂದೇ ಒಂದು ಸಂಖ್ಯೆ, ದಿಕ್ಕಿಲ್ಲ. ಪಠ್ಯಪುಸ್ತಕಗಳಲ್ಲಿ ಇದು ಅದಿಶ ಕ್ಷೇತ್ರ. ಕೋಣೆಯ ಮೂಲೆಮೂಲೆಗೂ ಒಂದೊಂದು ಉಷ್ಣಾಂಶ ಇರುತ್ತದಲ್ಲ, ಹಾಗೆ. ಇಲ್ಲಿ ಅದನ್ನು 'ಫೈ' ಎಂದು ಕರೆಯುತ್ತೇನೆ. ಕ್ಷಿತಿಜ ಅಂದರೆ ಒಳಗೆ ಹೋದ ಬೆಳಕು ವಾಪಸ್ ಬರಲಾಗದ ಗಡಿ. ಕೂದಲು ಅಂದರೆ ಕ್ಷಿತಿಜದ ಹೊರಗೆ ಉಳಿದುಕೊಳ್ಳುವ, ರಾಶಿ, ತಿರುಗು ಮತ್ತು ವಿದ್ಯುದಾವೇಶ ಬಿಟ್ಟು ಬೇರೆ ಯಾವುದೇ ಗುರುತು.

ಬೆಳಕಿನ ವೇಗ ಮತ್ತು ಗುರುತ್ವ ಸ್ಥಿರಾಂಕ ಎರಡನ್ನೂ 1 ಎಂದು ಇಟ್ಟುಕೊಳ್ಳುತ್ತೇವೆ. ಆಗ ರಾಶಿಯನ್ನೂ ಕಿಲೋಮೀಟರಿನಲ್ಲಿ ಹೇಳಬಹುದು. ಸೂರ್ಯನ ರಾಶಿ ಸುಮಾರು 1.48 ಕಿ.ಮೀ. ಕಪ್ಪುಕುಳಿಯ ರಾಶಿ 'ಎಂ', ಕೇಂದ್ರದಿಂದ ದೂರ 'ಆರ್'. ತಿರುಗದ ಕಪ್ಪುಕುಳಿಯ ಕ್ಷಿತಿಜ ಇರುವುದು ಆರ್ = 2ಎಂ ಎಂಬಲ್ಲಿ.

ಹಂತ 1: ಪ್ರಮೇಯದ ಷರತ್ತುಗಳನ್ನು ಪಟ್ಟಿ ಮಾಡಿ

1967ರಲ್ಲಿ ವರ್ನರ್ ಇಸ್ರೇಲ್, 1971ರಲ್ಲಿ ಬ್ರಾಂಡನ್ ಕಾರ್ಟರ್, 1975ರಲ್ಲಿ ಡೇವಿಡ್ ರಾಬಿನ್ಸನ್ ಮಾಡಿದ ಕೆಲಸಗಳು ಸೇರಿ ಒಂದು ಚಿತ್ರ ಕೊಟ್ಟವು. ಐನ್‌ಸ್ಟೈನರ ಸಿದ್ಧಾಂತದಲ್ಲಿ ನಿರ್ವಾತದಲ್ಲಿ ಒಂಟಿಯಾಗಿ, ಶಾಂತವಾಗಿ ಕುಳಿತ ಕಪ್ಪುಕುಳಿಯನ್ನು ರಾಶಿ ಮತ್ತು ತಿರುಗು ಎರಡರಿಂದಲೇ ಪೂರ್ತಿ ವಿವರಿಸಬಹುದು. "ಕಪ್ಪುಕುಳಿಗೆ ಕೂದಲಿಲ್ಲ" ಎಂಬ ಮಾತನ್ನು ಜನಪ್ರಿಯ ಮಾಡಿದವರು ಜಾನ್ ವೀಲರ್. ಸ್ಕೇಲಾರ್ ಕ್ಷೇತ್ರಕ್ಕೆ ಕೂಡ ಇದು ಅನ್ವಯಿಸುತ್ತದೆ ಅಂತ 1972ರಲ್ಲಿ ಜೇಕಬ್ ಬೆಕೆನ್‌ಸ್ಟೈನ್ ತೋರಿಸಿದರು. ಅವರ ಸಾಧನೆಯ ತಿರುಳು ಎಷ್ಟು ಚೆಂದ ಅಂದರೆ, ಅದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ.

ಕ್ಷೇತ್ರದ ಸಮೀಕರಣವನ್ನು ತೆಗೆದುಕೊಳ್ಳಿ. ಅದನ್ನು ಫೈನಿಂದಲೇ ಗುಣಿಸಿ. ಕ್ಷಿತಿಜದಿಂದ ಅನಂತದವರೆಗೆ ಅನುಕಲನ ಮಾಡಿ. ಎರಡೂ ತುದಿಗಳಲ್ಲಿನ ಪದಗಳು ಸೊನ್ನೆಯಾಗುತ್ತವೆ. ಉಳಿಯುವುದು ಇಷ್ಟು:

ಅನುಕಲನ [ (ಫೈನ ಇಳಿಜಾರು)² + ಫೈ × ವಿಭವಶಕ್ತಿಯ ಇಳಿಜಾರು ] = 0

ಮೊದಲ ಪದ ವರ್ಗ, ಹಾಗಾಗಿ ಋಣವಾಗಲಾರದು. ಸಾಮಾನ್ಯ ವಿಭವಶಕ್ತಿಗೆ ಎರಡನೆಯದೂ ಋಣವಾಗಲಾರದು. ಎರಡು ಋಣವಲ್ಲದ ಪದಗಳ ಮೊತ್ತ ಸೊನ್ನೆ ಆಗಬೇಕಾದರೆ ಎರಡೂ ಎಲ್ಲೆಡೆ ಸೊನ್ನೆಯೇ ಆಗಿರಬೇಕು. ಅಂದರೆ ಕ್ಷೇತ್ರ ಎಲ್ಲೆಡೆ ಒಂದೇ ಸಮ. ಕೂದಲು ಇಲ್ಲ.

ಈಗ ಷರತ್ತುಗಳನ್ನು ಹಾಳೆಯ ಮೇಲೆ ಬರೆದುಕೊಳ್ಳಿ:

ಅ) ಕ್ಷೇತ್ರ ಕಾಲದೊಂದಿಗೆ ಬದಲಾಗುವುದಿಲ್ಲ.
ಆ) ಬಹಳ ದೂರದಲ್ಲಿ ಎಲ್ಲ ಶಾಂತ ಮತ್ತು ಸಪಾಟು.
ಇ) ಸುತ್ತ ಬೇರೆ ದ್ರವ್ಯವಿಲ್ಲ.
ಈ) ವಿಭವಶಕ್ತಿ ವಿಚಿತ್ರವಾಗಿಲ್ಲ.
ಉ) ಕ್ಷೇತ್ರ ದೇಶಕಾಲದ ವಕ್ರತೆಯ, ಅಂದರೆ ಅದು ಬಾಗಿರುವ ಪ್ರಮಾಣದ, ಉನ್ನತ ಘಾತಗಳ (ವರ್ಗದಂಥವುಗಳ) ಜೊತೆ ನೇರವಾಗಿ ಜೋಡಿಕೊಂಡಿಲ್ಲ.

ಎಚ್ಚರಿಕೆ: ಗುರುತ್ವವನ್ನು ಮಾರ್ಪಡಿಸಿದ ತಕ್ಷಣ ಕೂದಲು ಬರುತ್ತದೆ ಅಂದುಕೊಳ್ಳಬೇಡಿ. ತುಂಬಾ ಜನ ಎಡವುವುದು ಇಲ್ಲೇ. 1961ರ ಬ್ರಾನ್ಸ್–ಡಿಕಿ ಸಿದ್ಧಾಂತದಲ್ಲಿ ಸ್ಕೇಲಾರ್ ಕ್ಷೇತ್ರ ಗುರುತ್ವದ ಒಂದು ಭಾಗವೇ. ಆದರೂ ಅಲ್ಲಿ ಶಾಂತ ಸ್ಥಿತಿಗೆ ಬಂದ ಕಪ್ಪುಕುಳಿ ಐನ್‌ಸ್ಟೈನರ ಕಪ್ಪುಕುಳಿಯೇ ಎಂದು ಹಾಕಿಂಗ್ 1972ರಲ್ಲಿ ತೋರಿಸಿದರು. ಇದನ್ನೇ 2012ರಲ್ಲಿ ಥಾಮಸ್ ಸೊಟಿರಿಯು ಮತ್ತು ವಲೇರಿಯೋ ಫರಾವೋನಿ ಇನ್ನೂ ವಿಶಾಲವಾದ ಸ್ಕೇಲಾರ್–ಟೆನ್ಸರ್ ಸಿದ್ಧಾಂತಗಳಿಗೆ ವಿಸ್ತರಿಸಿದರು. ಹೆಸರಲ್ಲಿ 'ಮಾರ್ಪಡಿಸಿದ' ಅಂತ ಇದ್ದರೆ ಸಾಲದು, ಉ) ಷರತ್ತು ಏನಾಯಿತು ಅಂತ ನೋಡಬೇಕು.

ಹಂತ 2: ಸಮೀಕರಣದ ಬಲಬದಿಯಲ್ಲಿ ಏನಿದೆ ನೋಡಿ

ಉ) ಷರತ್ತನ್ನು ಸಡಿಲಿಸುವ ಅತ್ಯಂತ ಪ್ರಸಿದ್ಧ ದಾರಿ ಗೌಸ್–ಬೊನೆಟ್ ಪದ. ವಕ್ರತೆಯ ವರ್ಗಗಳನ್ನು ಒಂದು ನಿರ್ದಿಷ್ಟ ರೀತಿಯಲ್ಲಿ ಕೂಡಿಸಿ ಕಳೆದು ಮಾಡಿದ ಮೊತ್ತ ಅದು. ಇಲ್ಲಿ ಅದನ್ನು 'ಜಿಬಿ' ಅನ್ನೋಣ. ನಾಲ್ಕು ಆಯಾಮಗಳಲ್ಲಿ ಬರೀ ಜಿಬಿ ಸೇರಿಸಿದರೆ ಸಮೀಕರಣಗಳಲ್ಲಿ ಏನೂ ಬದಲಾಗುವುದಿಲ್ಲ. ಅದನ್ನು ಫೈನ ಒಂದು ಫಲನದಿಂದ, ಎಫ್(ಫೈ)ನಿಂದ, ಗುಣಿಸಿದಾಗ ಮಾತ್ರ ಅದಕ್ಕೆ ಜೀವ ಬರುತ್ತದೆ. ಸ್ಟ್ರಿಂಗ್ ಸಿದ್ಧಾಂತದ ಕಡಿಮೆ ಶಕ್ತಿಯ ರೂಪದಲ್ಲಿ ಇಂಥ ಜೋಡಣೆ ತಾನಾಗಿಯೇ ಬರುವುದರಿಂದ ಭೌತವಿಜ್ಞಾನಿಗಳಿಗೆ ಇದರ ಮೇಲೆ ಮೊದಲಿನಿಂದಲೂ ಆಸಕ್ತಿ. ಆಗ ಕ್ಷೇತ್ರದ ಸಮೀಕರಣ ಹೀಗಾಗುತ್ತದೆ:

ಫೈನ ತರಂಗ ಪದ = − ಎಫ್′(ಫೈ) × ಜಿಬಿ

ಎಡಬದಿ ಫೈ ಹೇಗೆ ಹರಡುತ್ತದೆ ಅಂತ ಹೇಳುತ್ತದೆ, ′ ಗುರುತು ಅವಕಲನದ್ದು. ಬಲಬದಿಯೇ ಇಡೀ ಕಥೆ. ಅದನ್ನು ಮೂಲ ಪದ ಅನ್ನುತ್ತಾರೆ. ಕ್ಷೇತ್ರವನ್ನು ಹುಟ್ಟಿಸಲು ದ್ರವ್ಯ ಬೇಕಿಲ್ಲ, ವಕ್ರತೆಯೇ ಸಾಕು ಅಂತ ಅದು ಹೇಳುತ್ತಿದೆ. ತಿರುಗದ ಕಪ್ಪುಕುಳಿಯ ಸುತ್ತ

ಜಿಬಿ = 48 ಎಂ² / ಆರ್⁶

ಕ್ಷಿತಿಜದಲ್ಲಿ ಆರ್ = 2ಎಂ ಹಾಕಿ ನೋಡಿ: ಜಿಬಿ = 3 / (4 ಎಂ⁴). ರಾಶಿ 10 ಪಟ್ಟು ಜಾಸ್ತಿಯಾದರೆ ಕ್ಷಿತಿಜದಲ್ಲಿ ಜಿಬಿ 10,000 ಪಟ್ಟು ಇಳಿಯುತ್ತದೆ.

ಎಚ್ಚರಿಕೆ: ದೊಡ್ಡ ಕಪ್ಪುಕುಳಿಯಲ್ಲಿ ಗುರುತ್ವ ಜೋರು, ಹಾಗಾಗಿ ಕೂದಲೂ ಅಲ್ಲೇ ಜಾಸ್ತಿ ಅಂತ ಅನ್ನಿಸುವುದು ಸಹಜ. ಇಲ್ಲಿ ಆಗುವುದು ಅದಕ್ಕೆ ತದ್ವಿರುದ್ಧ. ಗ್ಯಾಲಕ್ಸಿಗಳ ಕೇಂದ್ರದಲ್ಲಿರುವ ದೈತ್ಯ ಕಪ್ಪುಕುಳಿಗಳ ಕ್ಷಿತಿಜದಲ್ಲಿ ವಕ್ರತೆ ತೀರಾ ಕಡಿಮೆ. ಈ ಬಗೆಯ ಕೂದಲಿಗೆ ಚಿಕ್ಕ ಕಪ್ಪುಕುಳಿಗಳೇ ಬೇಕು.

ಈಗ ಒಂದು ಪ್ರಶ್ನೆ ಕೇಳಿ: ಎಫ್′(ಫೈ) ಎಲ್ಲಾದರೂ ಸೊನ್ನೆ ಆಗುತ್ತದೆಯೇ? ಆಗುವುದೇ ಇಲ್ಲ ಅಂದರೆ ಹಂತ 3ಕ್ಕೆ ಹೋಗಿ. ಫೈ = 0 ಆದಾಗ ಸೊನ್ನೆ ಆಗುತ್ತದೆ ಅಂದರೆ ಹಂತ 4.

ಹಂತ 3: ಎಫ್′ ಸೊನ್ನೆ ಆಗದಿದ್ದರೆ, ಚಾರ್ಜನ್ನು ನೀವೇ ಲೆಕ್ಕ ಹಾಕಿ

ಅತ್ಯಂತ ಸರಳ ಉದಾಹರಣೆ ಎಫ್ = ಆಲ್ಫಾ × ಫೈ. ಆಲ್ಫಾ ಅಂದರೆ ಜೋಡಣೆ ಎಷ್ಟು ಬಲವಾಗಿದೆ ಅಂತ ಹೇಳುವ ಸ್ಥಿರಾಂಕ. ಇಲ್ಲಿ ಎಫ್′ = ಆಲ್ಫಾ, ಯಾವಾಗಲೂ ಅಷ್ಟೇ. ಬಲಬದಿ ಎಂದೂ ಸೊನ್ನೆ ಆಗದ ಮೇಲೆ ಫೈ = 0 ಎಂಬುದು ಉತ್ತರವೇ ಆಗಲಾರದು ಅಲ್ವಾ? ಹಾಗಾಗಿ ಈ ಸಿದ್ಧಾಂತದಲ್ಲಿ ಪ್ರತಿ ಕಪ್ಪುಕುಳಿಗೂ ಕೂದಲು ಇರಲೇಬೇಕು. ಎಷ್ಟು ಅಂತ ನೋಡೋಣ. ಜೋಡಣೆ ದುರ್ಬಲ ಎಂದು ಇಟ್ಟುಕೊಂಡರೆ ಕಪ್ಪುಕುಳಿಯ ಆಕಾರ ಹೆಚ್ಚುಕಡಿಮೆ ಮೊದಲಿನಂತೆಯೇ ಇರುತ್ತದೆ. ಆಗ ಸಮೀಕರಣ:

[ ಆರ್² (1 − 2ಎಂ/ಆರ್) ಫೈ′ ]′ = − 48 ಆಲ್ಫಾ ಎಂ² / ಆರ್⁴

ಒಮ್ಮೆ ಅನುಕಲನ ಮಾಡಿ:

ಆರ್² (1 − 2ಎಂ/ಆರ್) ಫೈ′ = 16 ಆಲ್ಫಾ ಎಂ² / ಆರ್³ + ಸ್ಥಿರಾಂಕ

ಇಲ್ಲಿ ಒಂದು ಕ್ಷಣ ನಿಲ್ಲಿ. ಈ ಸ್ಥಿರಾಂಕಕ್ಕೆ ಯಾವ ಬೆಲೆ ಕೊಡಬೇಕು? ಕ್ಷಿತಿಜದಲ್ಲಿ ಎಡಬದಿಯ ಆವರಣ ಸೊನ್ನೆ ಆಗುತ್ತದೆ. ಅಲ್ಲಿ ಬಲಬದಿಯೂ ಸೊನ್ನೆ ಆಗದಿದ್ದರೆ ಫೈ′ ಅನಂತಕ್ಕೆ ಹಾರುತ್ತದೆ. ಕ್ಷಿತಿಜದಲ್ಲಿ ಹಾಗಾಗುವಂತಿಲ್ಲ, ಅಲ್ಲಿ ಎಲ್ಲ ನಯವಾಗಿರಬೇಕು. ಹಾಗಾಗಿ ಆರ್ = 2ಎಂ ಹಾಕಿ ಬಲಬದಿಯನ್ನು ಸೊನ್ನೆ ಮಾಡಿ. ಸ್ಥಿರಾಂಕ = − 2 ಆಲ್ಫಾ / ಎಂ ಎಂದು ಸಿಗುತ್ತದೆ. ಬೇರೆ ಯಾವ ಬೆಲೆಗೂ ಅವಕಾಶವಿಲ್ಲ. ಇನ್ನೊಮ್ಮೆ ಅನುಕಲನ ಮಾಡಿದರೆ:

ಫೈ = (2 ಆಲ್ಫಾ / ಎಂ) × [ 1/ಆರ್ + ಎಂ/ಆರ್² + 4ಎಂ²/(3ಆರ್³) ]

ದೂರದಲ್ಲಿ ಉಳಿಯುವುದು 1/ಆರ್ ಪದ. ಅದರ ಗುಣಾಂಕ 2 ಆಲ್ಫಾ / ಎಂ. ಇದಕ್ಕೆ ಸ್ಕೇಲಾರ್ ಚಾರ್ಜ್ ಎಂದು ಹೆಸರು. ರಾಶಿ ಕಡಿಮೆಯಾದಷ್ಟೂ ಚಾರ್ಜ್ ಜಾಸ್ತಿ. ಹಂತ 2ರ ಎಚ್ಚರಿಕೆಯೇ ಇಲ್ಲಿ ಸೂತ್ರವಾಗಿ ಬಂದಿದೆ.

ಈ ಲೆಕ್ಕವನ್ನು ದಯವಿಟ್ಟು ಕೈಯಾರೆ ಮಾಡಿ ನೋಡಿ. ಚಾರ್ಜನ್ನು ನಾವು ಆಯ್ಕೆ ಮಾಡಲಿಲ್ಲ, ಕ್ಷಿತಿಜ ನಯವಾಗಿರಬೇಕು ಎಂಬ ಒಂದೇ ಒತ್ತಾಯ ಅದನ್ನು ನಿರ್ಧರಿಸಿತು ಅನ್ನುವುದು ಕೈಗೇ ಅನುಭವಕ್ಕೆ ಬರುತ್ತದೆ. ಹೀಗೆ ರಾಶಿಯಿಂದಲೇ ನಿರ್ಧಾರವಾಗುವ ಕೂದಲಿಗೆ ದ್ವಿತೀಯಕ ಕೂದಲು ಅನ್ನುತ್ತಾರೆ. ಸ್ವತಂತ್ರವಾಗಿ ಹೆಚ್ಚುಕಡಿಮೆ ಮಾಡಬಹುದಾದದ್ದು ಪ್ರಾಥಮಿಕ ಕೂದಲು.

ಎಚ್ಚರಿಕೆ: ಆಲ್ಫಾದ ಮುಂದಿನ ಗುಣಾಂಕ ಪ್ರಬಂಧದಿಂದ ಪ್ರಬಂಧಕ್ಕೆ ಬದಲಾಗುತ್ತದೆ. ಎರಡು ಕಡೆಯ ಅಂಕಿಗಳನ್ನು ಹೋಲಿಸುವ ಮೊದಲು ಇಬ್ಬರೂ ಮೂಲ ಸಮೀಕರಣವನ್ನು ಹೇಗೆ ಬರೆದಿದ್ದಾರೆ ಅಂತ ನೋಡಿ. ಸುಮ್ನೆ ಅಂಕಿ ಎತ್ತಿಕೊಂಡರೆ 4 ಪಟ್ಟು, 16 ಪಟ್ಟು ತಪ್ಪಾಗುವುದು ಮಾಮೂಲು.

ಹಂತ 4: ಎಫ್′(0) = 0 ಆದರೆ, ಅಸ್ಥಿರತೆ ಹುಡುಕಿ

ಈ ದಾರಿ ಹೆಚ್ಚು ಸ್ವಾರಸ್ಯದ್ದು. ಎಫ್ = ಬೀಟಾ × ಫೈ²/2 ಎಂದುಕೊಳ್ಳಿ. ಫೈ = 0 ಹಾಕಿದರೆ ಬಲಬದಿ ಸೊನ್ನೆ. ಅಂದರೆ ಐನ್‌ಸ್ಟೈನರ ಕಪ್ಪುಕುಳಿ ಈ ಸಿದ್ಧಾಂತದಲ್ಲೂ ಸರಿಯಾದ ಉತ್ತರ. ಆದರೆ ಅದು ಗಟ್ಟಿಯಾಗಿ ನಿಲ್ಲುತ್ತದೆಯೇ?

ಐನ್‌ಸ್ಟೈನರ ಸಿದ್ಧಾಂತದೊಳಗೆ ಈ ಪ್ರಶ್ನೆಗೆ ಉತ್ತರಿಸಲು ಬಲವಾದ ಅಡಿಪಾಯ ಹಾಕಿದವರಲ್ಲಿ ನಮ್ಮ ಸಿ.ವಿ. ವಿಶ್ವೇಶ್ವರ ಒಬ್ಬರು. ತಿರುಗದ ಕಪ್ಪುಕುಳಿಯನ್ನು ಸ್ವಲ್ಪ ಅಲುಗಿಸಿದರೆ ಅದು ಚೂರಾಗುವುದಿಲ್ಲ, ಕ್ಷೀಣಿಸುವ ಕಂಪನಗಳನ್ನು ಹೊರಸೂಸಿ ಮತ್ತೆ ಶಾಂತವಾಗುತ್ತದೆ ಎಂದು 1970ರ ಅವರ ಕೆಲಸ ತೋರಿಸಿತು. ನಾವೂ ಅದೇ ವಿಧಾನ ಬಳಸೋಣ: ಫೈ = 0 ಸ್ಥಿತಿಯನ್ನು ಅಲುಗಿಸಿ ನೋಡೋಣ.

ಫೈ ಚಿಕ್ಕದಾಗಿದ್ದಾಗ ಸಮೀಕರಣದ ಬಲಬದಿ − ಬೀಟಾ × ಜಿಬಿ × ಫೈ. ರಾಶಿಯಿರುವ ಕ್ಷೇತ್ರದ ಸಮೀಕರಣವೂ ಹೀಗೇ ಇರುತ್ತದೆ. ವ್ಯತ್ಯಾಸ ಒಂದೇ: ಇಲ್ಲಿ 'ರಾಶಿಯ ವರ್ಗ' − ಬೀಟಾ × ಜಿಬಿ. ಬೀಟಾ ಧನವಾದರೆ ಅದು ಋಣ. ರಾಶಿಯ ವರ್ಗ ಋಣವಾದ ಕಡೆ ಕ್ಷೇತ್ರ ಕಂಪಿಸುವ ಬದಲು ಬೆಳೆಯತೊಡಗುತ್ತದೆ. ಇದಕ್ಕೆ ಟ್ಯಾಕಿಯಾನ್ ಅಸ್ಥಿರತೆ ಎಂದು ಹೆಸರು. ಹೆಸರು ನೋಡಿ ಬೆಳಕಿಗಿಂತ ವೇಗವಾಗಿ ಏನೋ ಓಡುತ್ತಿದೆ ಅಂದುಕೊಳ್ಳಬೇಡಿ, ಅಂಥದ್ದೇನೂ ಇಲ್ಲಿಲ್ಲ.

ಬೆಳೆಯಲು ಎಷ್ಟು ಬೀಟಾ ಬೇಕು? ಗೋಳಾಕಾರದ ಅಲುಗಾಟಕ್ಕೆ ಎರಡು ಪದಗಳ ನಡುವೆ ಪೈಪೋಟಿ. ಕಪ್ಪುಕುಳಿಯ ಆಕಾರದಿಂದ ಬರುವ 2ಎಂ/ಆರ್³ ಕ್ಷೇತ್ರವನ್ನು ಅದುಮಿ ಹಿಡಿಯುತ್ತದೆ. − 48 ಬೀಟಾ ಎಂ²/ಆರ್⁶ ಅದನ್ನು ಎತ್ತಿ ಕೊಡುತ್ತದೆ. ಎರಡರ ಮೊತ್ತವನ್ನು 2ಎಂನಿಂದ ಅನಂತದವರೆಗೆ ಅನುಕಲನ ಮಾಡಿ:

1/(4ಎಂ) − 3 ಬೀಟಾ/(10 ಎಂ³)

ಇದು ಋಣವಾದರೆ ಅಸ್ಥಿರತೆ ಖಚಿತ. ಅಂದರೆ ಬೀಟಾ > (5/6) ಎಂ², ಸುಮಾರು 0.83 ಎಂ². ಇದು ಸಾಕಾಗುವ ಷರತ್ತು ಮಾತ್ರ, ಅಗತ್ಯ ಷರತ್ತಲ್ಲ. ಕಂಪ್ಯೂಟರಿನಲ್ಲಿ ನಿಖರವಾಗಿ ಬಿಡಿಸಿದಾಗ ನಿಜವಾದ ಗಡಿ ಸುಮಾರು 0.73 ಎಂ² ಎಂದು ಸಿಗುತ್ತದೆ. ಒಂದು ಹಾಳೆಯ ಲೆಕ್ಕ ಇಷ್ಟು ಹತ್ತಿರ ಬಂದಿರುವುದು ಸಣ್ಣ ವಿಷಯವಲ್ಲ.

ಉದಾಹರಣೆಗೆ ಬೀಟಾದ ವರ್ಗಮೂಲ 10 ಕಿ.ಮೀ. ಎಂದುಕೊಳ್ಳಿ. ಆಗ ಸುಮಾರು 8 ಸೂರ್ಯರಾಶಿಗಿಂತ ಹಗುರವಾದ ತಿರುಗದ ಕಪ್ಪುಕುಳಿ ಕೂದಲಿಲ್ಲದೆ ಉಳಿಯಲಾರದು. ಅದಕ್ಕಿಂತ ಭಾರವಾದದ್ದು ಐನ್‌ಸ್ಟೈನರು ಹೇಳಿದಂತೆಯೇ ಇರುತ್ತದೆ. ಒಂದೇ ಸಿದ್ಧಾಂತ, ಎರಡು ಬಗೆಯ ಕಪ್ಪುಕುಳಿಗಳು.

ಹೀಗೆ ತಾನಾಗಿಯೇ ಕ್ಷೇತ್ರ ಮೊಳೆಯುವುದಕ್ಕೆ ಸ್ವಯಂ ಸ್ಕೇಲರೀಕರಣ ಅನ್ನೋಣ. ಈ ಕಲ್ಪನೆ ಮೊದಲು ಬಂದದ್ದು ನ್ಯೂಟ್ರಾನ್ ನಕ್ಷತ್ರಗಳಿಗೆ, 1993ರಲ್ಲಿ, ತಿಬೋ ದಾಮೂರ್ ಮತ್ತು ಜಿಲ್ ಎಸ್ಪೊಸಿಟೊ-ಫಾರೆಸ್ ಅವರಿಂದ. ಅಲ್ಲಿ ಕ್ಷೇತ್ರವನ್ನು ಕೆರಳಿಸುವುದು ನಕ್ಷತ್ರದ ದ್ರವ್ಯ. ಕಪ್ಪುಕುಳಿಯ ಹೊರಗೆ ದ್ರವ್ಯವಿಲ್ಲ, ಹಾಗಾಗಿ ಅದೇ ಮಾದರಿ ಇಲ್ಲಿ ಕೆಲಸ ಮಾಡುವುದಿಲ್ಲ. ದ್ರವ್ಯದ ಜಾಗದಲ್ಲಿ ಜಿಬಿಯನ್ನು ಕೂರಿಸಿದ್ದು 2018ರ ಕೆಲಸಗಳು. ಡೊನೆವಾ ಮತ್ತು ಯಾಜಾಜಿಯೆವ್ ಒಂದು ಕಡೆ, ಸಿಲ್ವಾ ಮತ್ತು ಸಂಗಡಿಗರು ಇನ್ನೊಂದು ಕಡೆ, ಹೆಚ್ಚುಕಡಿಮೆ ಒಟ್ಟಿಗೇ ಇದನ್ನು ತೋರಿಸಿದರು.

ಎಚ್ಚರಿಕೆ: ಅಸ್ಥಿರತೆ ಸಿಕ್ಕಿತು ಅಂದರೆ ಕೆಲಸ ಮುಗಿಯಿತು ಅಂತಲ್ಲ. ಬೆಳವಣಿಗೆ ಎಲ್ಲೋ ನಿಲ್ಲಬೇಕು. ಬರೀ ಫೈ² ಜೋಡಣೆ ಇದ್ದರೆ ಸಿಗುವ ಕೂದಲಿನ ಕಪ್ಪುಕುಳಿ ಸ್ವತಃ ಅಸ್ಥಿರ ಎಂದು ನಂತರದ ಅಧ್ಯಯನಗಳು ಕಂಡುಕೊಂಡವು. ಫೈ⁴ ಪದ ಸೇರಿಸಿದರೆ ಅಥವಾ ಘಾತೀಯ ಫಲನ ಬಳಸಿದರೆ ಸ್ಥಿರವಾದ ಉತ್ತರಗಳು ಸಿಗುತ್ತವೆ. ಶುರುವಾಗುವುದು ಫೈ² ಪದದಿಂದ, ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುವುದು ಮುಂದಿನ ಪದಗಳು.

ಹಂತ 5: ಪೂರ್ತಿ ಸಮೀಕರಣ ಬಿಡಿಸುವುದಾದರೆ

ಇಲ್ಲಿಯವರೆಗೆ ಕ್ಷೇತ್ರ ಕಪ್ಪುಕುಳಿಯ ಆಕಾರವನ್ನು ಬದಲಿಸುವುದಿಲ್ಲ ಅಂದುಕೊಂಡೆವು. ನಿಜದಲ್ಲಿ ಬದಲಿಸುತ್ತದೆ. ಆಗ ಕಂಪ್ಯೂಟರ್ ಬೇಕು. ಕ್ರಮ ಹೀಗೆ: ಕ್ಷಿತಿಜದಲ್ಲಿ ಫೈಗೆ ಒಂದು ಬೆಲೆ ಊಹಿಸಿ. ನಯವಾಗಿರಬೇಕೆಂಬ ಷರತ್ತಿನಿಂದ ಅಲ್ಲಿನ ಫೈ′ ಸಿಗುತ್ತದೆ. ಅಲ್ಲಿಂದ ಹೊರಕ್ಕೆ ಹೆಜ್ಜೆ ಹೆಜ್ಜೆಯಾಗಿ ಅನುಕಲನ ಮಾಡಿ. ದೂರದಲ್ಲಿ ಫೈ ಸೊನ್ನೆಗೆ ಬಂತೇ ನೋಡಿ. ಬರದಿದ್ದರೆ ಊಹೆ ಬದಲಿಸಿ ಮತ್ತೆ ಶುರು ಮಾಡಿ. ಶೂಟಿಂಗ್ ವಿಧಾನ ಎಂದು ಇದಕ್ಕೆ ಹೆಸರು.

ನಯವಾಗಿರಬೇಕೆಂಬ ಷರತ್ತಿನಲ್ಲಿ ಒಂದು ವರ್ಗಮೂಲ ಬರುತ್ತದೆ. ಅದರೊಳಗಿನ ಸಂಖ್ಯೆ ಋಣವಾದರೆ ಉತ್ತರವೇ ಇಲ್ಲ. ಇದರಿಂದ ಅನೇಕ ಮಾದರಿಗಳಲ್ಲಿ ಕಪ್ಪುಕುಳಿಗೆ ಒಂದು ಕನಿಷ್ಠ ಗಾತ್ರ ಸಿಗುತ್ತದೆ. ನಿಮ್ಮ ಪ್ರೋಗ್ರಾಂ ಚಿಕ್ಕ ರಾಶಿಗೆ ಇದ್ದಕ್ಕಿದ್ದಂತೆ ಕೈಕೊಟ್ಟರೆ ಮೊದಲು ಈ ವರ್ಗಮೂಲ ನೋಡಿ. ದೋಷ ನಿಮ್ಮದಲ್ಲದೆ ಸಿದ್ಧಾಂತದ್ದೇ ಇರಬಹುದು.

ಕಾಲದೊಂದಿಗೆ ವಿಕಾಸ ಮಾಡಿಸುವುದು ಇನ್ನೂ ಕಷ್ಟ. ಜೋಡಣೆ ಬಲವಾದಾಗ ಸಮೀಕರಣಗಳು ತರಂಗದ ಸ್ವಭಾವವನ್ನೇ ಕಳೆದುಕೊಳ್ಳಬಹುದು. ಆಗ ಈಗಿನ ಸ್ಥಿತಿಯಿಂದ ಮುಂದಿನ ಸ್ಥಿತಿಯನ್ನು ಲೆಕ್ಕ ಹಾಕುವುದಕ್ಕೇ ಅರ್ಥವಿರುವುದಿಲ್ಲ.

ಹಂತ 6: ಉಳಿದ ಬಾಗಿಲುಗಳನ್ನೂ ತಟ್ಟಿ ನೋಡಿ

ಬೀಟಾ ಋಣವಾದರೆ ಹಂತ 4ರ ಅಸ್ಥಿರತೆ ಇರುವುದಿಲ್ಲ. ಆದರೆ ಕಪ್ಪುಕುಳಿ ತಿರುಗುತ್ತಿದ್ದರೆ? ಸಾಧ್ಯವಿರುವ ಗರಿಷ್ಠ ತಿರುಗಿನ ಅರ್ಧಕ್ಕಿಂತ ಹೆಚ್ಚಾದಾಗ ಕ್ಷಿತಿಜದ ಧ್ರುವಗಳ ಬಳಿ ಜಿಬಿಯೇ ಋಣವಾಗುತ್ತದೆ. ಋಣ ಗುಣಿಸು ಋಣ ಧನ, ಹಾಗಾಗಿ ಅಸ್ಥಿರತೆ ಮರಳಿ ಬರುತ್ತದೆ. 2020ರಲ್ಲಿ ಗೊತ್ತಾದ ಈ ಬಗೆಗೆ ತಿರುಗಿನಿಂದ ಬರುವ ಸ್ಕೇಲರೀಕರಣ ಎನ್ನುತ್ತಾರೆ.

ಅ) ಷರತ್ತನ್ನು ಸಡಿಲಿಸುವ ದಾರಿಗೆ ಮಾರ್ಪಡಿಸಿದ ಗುರುತ್ವವೇ ಬೇಕಿಲ್ಲ. ತಿರುಗುವ ಕಪ್ಪುಕುಳಿಯಿಂದ ಕೆಲವು ಅಲೆಗಳು ಶಕ್ತಿ ಕದ್ದು ಬೆಳೆಯುತ್ತವೆ, ಇದು ಸೂಪರ್‌ರೇಡಿಯನ್ಸ್. ಕ್ಷೇತ್ರದ ಕಣಕ್ಕೆ ಅತಿ ಚಿಕ್ಕ ರಾಶಿಯಿದ್ದರೆ ಆ ಅಲೆಗಳು ಹೊರಗೆ ಹೋಗಲಾರದೆ ಮೋಡದಂತೆ ಸುತ್ತ ಕೂಡಿಕೊಳ್ಳುತ್ತವೆ. 10 ಸೂರ್ಯರಾಶಿಯ ಕಪ್ಪುಕುಳಿಗೆ ಬೇಕಾದ ಕಣರಾಶಿ ಸುಮಾರು 10⁻¹² ಎಲೆಕ್ಟ್ರಾನ್ ವೋಲ್ಟ್ ಆಸುಪಾಸು. ಕಾಲದೊಂದಿಗೆ ತಿರುಗುವ ಸಂಕೀರ್ಣ ಕ್ಷೇತ್ರವಿದ್ದರೆ ಶಾಶ್ವತ ಕೂದಲೂ ಸಾಧ್ಯ ಎಂದು ಹೆರ್ಡೇರೊ ಮತ್ತು ರಾಡು 2014ರಲ್ಲಿ ತೋರಿಸಿದರು. ಇದನ್ನು ಜಿಬಿ ಕೂದಲಿನ ಜೊತೆ ಕಲಸಬೇಡಿ. ಎರಡರ ಕಾರಣವೂ ಬೇರೆ, ಗುರುತೂ ಬೇರೆ.

ಆ) ಮತ್ತು ಇ) ಕೂಡ ಸಡಿಲವಾಗಬಹುದು. ಬ್ರಹ್ಮಾಂಡದ ಮಟ್ಟದಲ್ಲೇ ಕ್ಷೇತ್ರ ನಿಧಾನವಾಗಿ ಬದಲಾಗುತ್ತಿದ್ದರೆ, ಅಥವಾ ಸುತ್ತ ದ್ರವ್ಯವಿದ್ದರೆ, ಕಪ್ಪುಕುಳಿ ಸ್ವಲ್ಪ ಚಾರ್ಜ್ ಪಡೆಯುತ್ತದೆ. ಸಾಮಾನ್ಯವಾಗಿ ಅದು ತೀರಾ ಕಡಿಮೆ.

ಹಂತ 7: ಆಕಾಶದ ಜೊತೆ ತಾಳೆ ನೋಡಿ

ಚಾರ್ಜ್ ಇದೆ ಅಂದರೆ ಅದು ಕಾಣಬೇಕು. ಜೋಡಿ ಕಪ್ಪುಕುಳಿಗಳು ಸುತ್ತುವಾಗ ಎರಡರ ಚಾರ್ಜ್–ರಾಶಿ ಅನುಪಾತ ಬೇರೆ ಬೇರೆಯಾದರೆ ದ್ವಿಧ್ರುವ ವಿಕಿರಣ ಹೊರಡುತ್ತದೆ. ಐನ್‌ಸ್ಟೈನರ ಗುರುತ್ವದಲ್ಲಿ ಇದು ಇಲ್ಲವೇ ಇಲ್ಲ. ಹೆಚ್ಚುವರಿ ಶಕ್ತಿ ಸೋರಿ ಹೋಗುವುದರಿಂದ ಜೋಡಿ ಬೇಗ ಹತ್ತಿರ ಬರುತ್ತದೆ, ಗುರುತ್ವ ಅಲೆಯ ಲಯ ಬದಲಾಗುತ್ತದೆ. ಮುಖ್ಯವಾದ ಮಾತು: ನೋಡಬೇಕಾದ್ದು ವ್ಯತ್ಯಾಸವನ್ನು. ಎರಡೂ ಒಂದೇ ಥರದ ಕಪ್ಪುಕುಳಿಗಳಾದರೆ ಪರಿಣಾಮ ರದ್ದಾಗುತ್ತದೆ.

ಹಾಗಾಗಿ ಅತ್ಯುತ್ತಮ ಜೋಡಿ ಒಂದು ಚಿಕ್ಕ ಕಪ್ಪುಕುಳಿ ಮತ್ತು ಒಂದು ನ್ಯೂಟ್ರಾನ್ ನಕ್ಷತ್ರ. ಹಂತ 3ರ ಸಿದ್ಧಾಂತದಲ್ಲಿ ನ್ಯೂಟ್ರಾನ್ ನಕ್ಷತ್ರಕ್ಕೆ ಚಾರ್ಜ್ ಸೊನ್ನೆ, ವ್ಯತ್ಯಾಸ ಪೂರ್ತಿ ಉಳಿಯುತ್ತದೆ. 2020ರ ಜನವರಿ 15ರಂದು ಸಿಕ್ಕ ಜಿಡಬ್ಲ್ಯು200115 ಎಂಬ ಗುರುತ್ವ ಅಲೆ ಇಂಥ ಜೋಡಿಯದೇ, ಅದರಲ್ಲಿನ ಕಪ್ಪುಕುಳಿ ಸುಮಾರು 6 ಸೂರ್ಯರಾಶಿಯದು. ಇಂಥ ಘಟನೆಗಳಿಂದ ಆಲ್ಫಾದ ವರ್ಗಮೂಲ ಹೆಚ್ಚೆಂದರೆ ಸುಮಾರು 1 ಕಿ.ಮೀ. ಎಂಬ ಮಟ್ಟದ ಮಿತಿ ಸಿಕ್ಕಿದೆ.

ಎಚ್ಚರಿಕೆ: ಒಂದು ಮಾದರಿಯ ಮಿತಿಯನ್ನು ಇನ್ನೊಂದಕ್ಕೆ ಹಚ್ಚಬೇಡಿ. ಈ 1 ಕಿ.ಮೀ. ಹಂತ 3ರ ಆಲ್ಫಾಕ್ಕೆ, ಹಂತ 4ರ ಬೀಟಾಕ್ಕಲ್ಲ. ಸ್ಕೇಲರೀಕರಣದಲ್ಲಿ ಭಾರವಾದ ಕಪ್ಪುಕುಳಿಗೆ ಚಾರ್ಜ್ ಪೂರ್ತಿ ಸೊನ್ನೆ ಇರಬಹುದು. ಹಾಗಾಗಿ 30 ಸೂರ್ಯರಾಶಿಯ ಜೋಡಿಯಲ್ಲಿ ಏನೂ ಕಾಣದಿದ್ದರೆ ಅದರಿಂದ ಸಿದ್ಧಾಂತ ಬೀಳುವುದಿಲ್ಲ. ಹಾಗೆಯೇ 2017ರ ಜಿಡಬ್ಲ್ಯು170817 ಘಟನೆಯಲ್ಲಿ ಗುರುತ್ವ ಅಲೆ ಮತ್ತು ಗಾಮಾ ಕಿರಣ 1.7 ಸೆಕೆಂಡ್ ಅಂತರದಲ್ಲಿ ಬಂದವು. ಗ್ಯಾಲಕ್ಸಿಗಳ ನಡುವೆ ಫೈ ಬಲವಾಗಿ ಬದಲಾಗುತ್ತದೆ ಎಂದ ಅನೇಕ ಮಾದರಿಗಳು ಅಲ್ಲಿಗೇ ಬಿದ್ದವು. ಕಪ್ಪುಕುಳಿಯ ಪಕ್ಕದಲ್ಲಷ್ಟೇ ಎಚ್ಚೆತ್ತುಕೊಳ್ಳುವ ಕ್ಷೇತ್ರಕ್ಕೆ ಅದರಿಂದ ಪೆಟ್ಟು ಬೀಳುವುದಿಲ್ಲ.

ಆದರೆ ಬೀಟಾ ಧನವಾಗಿರುವ ಮಾದರಿಗೆ ಬೇರೆ ಕಡೆಯಿಂದ ತೊಂದರೆಯಿದೆ, ಇದನ್ನು ತುಂಬಾ ಜನ ಗಮನಿಸುವುದೇ ಇಲ್ಲ. ಬ್ರಹ್ಮಾಂಡ ಶುರುವಿನಲ್ಲಿ ರಭಸದಿಂದ ಉಬ್ಬಿದ ಕಾಲದಲ್ಲೂ ಜಿಬಿ ಧನವಾಗಿತ್ತು, ಬಹಳ ದೊಡ್ಡದೂ ಆಗಿತ್ತು. ಹಂತ 4ರ ಅಸ್ಥಿರತೆ ಆಗ ಇಡೀ ಬ್ರಹ್ಮಾಂಡದಲ್ಲೇ ಶುರುವಾಗಿಬಿಡುತ್ತದೆ. ಇದನ್ನು ತಪ್ಪಿಸಲು ಏನಾದರೂ ಉಪಾಯ ಬೇಕು. ಹೊಸ ಮಾದರಿಯೊಂದನ್ನು ಓದುವಾಗ ಅಂಥ ಉಪಾಯ ಇದೆಯೇ ಅಂತಲೂ ನೋಡಿ. ಇಲ್ಲದಿದ್ದರೆ ಆರಂಭದ ಬ್ರಹ್ಮಾಂಡವನ್ನು ಲೇಖಕರು ಹೇಗೆ ದಾಟಿದ್ದಾರೆ ಅನ್ನುವುದಕ್ಕೆ ಅದೇ ಪ್ರಬಂಧದಲ್ಲಿ ಉತ್ತರ ಹುಡುಕಿ.